ಗುದ್ದಿ ಓಡಿದವನಿಗಿಂತ ಆ ಒಂದು ಫೋನ್ ಕರೆಯೇ ಜಾಸ್ತಿ ಕಾಡಿತು

ಕಾರಿಗೆ ಯಾರೋ ಗುದ್ದಿ ಓಡಿಹೋದರೆ ಇನ್ಶೂರೆನ್ಸ್ ಕಂಪನಿಗೆ ಹೇಳಲೇಬೇಕು. ಅದರಲ್ಲಿ ನನಗೆ ಅನುಮಾನ ಇಲ್ಲ. ಆದರೆ ಯಾವ ಮಾತಿನಲ್ಲಿ ಹೇಳುತ್ತೀರಿ, ಫೋನಿನಲ್ಲೋ ಬರಹದಲ್ಲೋ ಅನ್ನೋದು ತುಂಬಾ ಮುಖ್ಯ. ನಾನು ಬರೀ ವಿಷಯ ತಿಳಿಸೋಣ ಅಂತ ಫೋನ್ ಮಾಡಿದೆ. ಅವರು ಅದನ್ನು ಕ್ಲೈಮ್ ಅಂತ ದಾಖಲಿಸಿಕೊಂಡರು. ಒಂದು ಪೈಸೆಯೂ ನನ್ನ ಕೈಗೆ ಬರಲಿಲ್ಲ, ಆದರೂ ರಿನ್ಯೂವಲ್ ಹೊತ್ತಿಗೆ ವರ್ಷಗಟ್ಟಲೆ ಕೂಡಿಸಿಕೊಂಡು ಬಂದಿದ್ದ ನೋ ಕ್ಲೈಮ್ ಬೋನಸ್ (ಎನ್‌ಸಿಬಿ), ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ, ಸೊನ್ನೆ ಆಗಿತ್ತು. ಇನ್ನೊಬ್ಬರಿಗೆ ಹೀಗಾಗಬಾರದು ಅಂತ ಬರೆಯುತ್ತಿದ್ದೇನೆ.

ನಡೆದದ್ದು ಚಿಕ್ಕದು. ಕೆಂಪು ಸಿಗ್ನಲ್‌ನಲ್ಲಿ ನಿಂತಿದ್ದೆ, ಹಿಂದಿನಿಂದ ಒಂದು ಕಾರು ಬಂದು ಗುದ್ದಿತು. ಯಾರಿಗೂ ಪೆಟ್ಟಾಗಲಿಲ್ಲ. ಇಂಡಿಕೇಟರ್ ಹಾಕಿ ಪಕ್ಕಕ್ಕೆ ತೆಗೆದುಕೊಂಡೆ, ಅವನೂ ಹಿಂದೆಯೇ ಬರುತ್ತಾನೆ ಅಂದುಕೊಂಡರೆ ಹಸಿರು ಬಿದ್ದಿದ್ದೇ ತಡ ನೇರ ಹೋಗಿಬಿಟ್ಟ. ಪಕ್ಕದಲ್ಲಿ ಕೂತಿದ್ದ ತಂಗಿ ನಂಬರ್ ಪ್ಲೇಟಿನ ಕೊನೆಯ ಅಂಕಿಗಳನ್ನು ನೋಡಿಕೊಂಡಳು, ಪೂರ್ತಿ ನಂಬರ್ ಸಿಗಲಿಲ್ಲ. ಬಂಪರ್ ಮೇಲೆ ಗೀರು, ಅವನ ಕಾರಿನ ಬಣ್ಣ ಒಂದಿಷ್ಟು ಅಂಟಿತ್ತು, ಒಂದು ಮೂಲೆ ಸ್ವಲ್ಪ ಒಳಗೆ ಹೋಗಿತ್ತು. ಅಷ್ಟೇ.

ಮನೆಗೆ ಬಂದು ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ಮೊದಲ ಮಾತಿನಲ್ಲೇ ಹೇಳಿದೆ, "ನನಗೆ ಕ್ಲೈಮ್ ಬೇಡ, ಹೀಗಾಗಿದೆ ಅಂತ ನಿಮಗೆ ಗೊತ್ತಿರಲಿ ಅಂತ ಮಾತ್ರ ಹೇಳ್ತಿದ್ದೀನಿ." ಆ ಕಡೆಯಿದ್ದವರು, "ಆಯ್ತು ಸರ್, ಬರೀ ಇಂಟಿಮೇಷನ್ ಅಂತ ಹಾಕ್ಕೋತೀನಿ" ಅಂದರು. ಆಮೇಲೆ ದಿನ, ಸಮಯ, ಜಾಗ, ಎಲ್ಲಿ ಹಾನಿಯಾಗಿದೆ ಅಂತೆಲ್ಲ ಕೇಳಿ ಬರೆದುಕೊಂಡರು. ಫೋನ್ ಇಟ್ಟ ಸ್ವಲ್ಪ ಹೊತ್ತಿಗೆ ಮೆಸೇಜ್ ಬಂತು. ನಿಮ್ಮ ಕ್ಲೈಮ್ ನೋಂದಣಿಯಾಗಿದೆ, ನಂಬರ್ ಇಂಥದ್ದು ಅಂತ. ತಕ್ಷಣ ವಾಪಸ್ ಫೋನ್ ಮಾಡಿದೆ. ಈ ಸಲ ಬೇರೆಯವರು ಎತ್ತಿದರು. "ನಮ್ಮ ಸಿಸ್ಟಮ್‌ನಲ್ಲಿ ಎಲ್ಲದಕ್ಕೂ ಅದೇ ನಂಬರ್ ಬರೋದು ಸರ್, ತಲೆ ಕೆಡಿಸ್ಕೋಬೇಡಿ" ಅಂದರು. ಮುಂದೆ ಹಾನಿಯನ್ನು ನೋಡಿ ಅಂದಾಜು ಮಾಡುವ ಸರ್ವೇಯರ್ ಫೋನ್ ಮಾಡಿ ಕಾರು ಎಲ್ಲಿದೆ ಅಂತ ಕೇಳಿದಾಗ ಅವರಿಗೂ ಅದನ್ನೇ ಹೇಳಿದೆ, ನಾನು ಕ್ಲೈಮ್ ಮಾಡುತ್ತಿಲ್ಲ, ಬರುವುದು ಬೇಡ. ಅವರೂ ಆಯ್ತು ಅಂದರು. ಎಲ್ಲರೂ ಆಯ್ತು ಅಂದರು. ಯಾರೂ ಬರೆದು ಕೊಡಲಿಲ್ಲ.

ರಿನ್ಯೂವಲ್ ನೋಟಿಸ್ ಬಂದಾಗ ಪ್ರೀಮಿಯಂ ನೋಡಿ ಏನೋ ತಪ್ಪಾಗಿದೆ ಅನ್ನಿಸಿತು. ಎನ್‌ಸಿಬಿ ಜಾಗದಲ್ಲಿ ಸೊನ್ನೆ. ಕೇಳಿದರೆ, "ನಿಮ್ಮದು ಒಂದು ಕ್ಲೈಮ್ ಓಪನ್ ಇದೆ ಸರ್" ಅಂದರು. ಹಣ ಕೊಟ್ಟಿಲ್ಲ, ಸರ್ವೇ ಆಗಿಲ್ಲ, ಬಿಲ್ ಇಲ್ಲ. ಆದರೂ ಆ ಫೈಲನ್ನು ಯಾರೂ ಮುಚ್ಚಿರಲಿಲ್ಲ. ಹಟ ಹಿಡಿದು ಅದರಲ್ಲಿ ಏನಿದೆ ಅಂತ ತರಿಸಿ ನೋಡಿದೆ. ಘಟನೆಯ ವಿವರದಲ್ಲಿ ನನ್ನ ವಾಹನ ಹಿಂದೆ ಚಲಿಸುವಾಗ ಇನ್ನೊಂದು ವಾಹನಕ್ಕೆ ತಾಗಿದೆ ಅಂತ ಬರೆದಿದ್ದರು! ನಿಂತ ಕಾರಿಗೆ ಹಿಂದಿನಿಂದ ಬಂದು ಗುದ್ದಿ ಹೋದವನು ಬೇರೆ, ಕಾಗದದ ಮೇಲೆ ರಿವರ್ಸ್ ತೆಗೆದು ಗುದ್ದಿದವನು ನಾನು. ನಿಜ ಹೇಳಬೇಕೆಂದರೆ ದುಡ್ಡಿಗಿಂತ ಇದು ನನ್ನನ್ನು ಜಾಸ್ತಿ ಕೆರಳಿಸಿತು. ನಾನು ಆಡಿದ ಮಾತನ್ನು ಇನ್ನೊಬ್ಬರು ಅವಸರದಲ್ಲಿ ಟೈಪ್ ಮಾಡಿದರು, ಅದೇ ನನ್ನ ಹೇಳಿಕೆ ಅಂತ ಉಳಿದುಬಿಟ್ಟಿತು.

ಈ ಬೋನಸ್ ಎಷ್ಟು ದೊಡ್ಡದು ಅಂತ ಹಲವರಿಗೆ ಅಂದಾಜಿಲ್ಲ. ಭಾರತದಲ್ಲಿ ಮೊದಲ ಕ್ಲೈಮ್ ಇಲ್ಲದ ವರ್ಷಕ್ಕೆ ಶೇ. 20, ಆಮೇಲೆ 25, 35, 45, ಐದನೇ ವರ್ಷಕ್ಕೆ ಶೇ. 50 ರಿಯಾಯಿತಿ. ಇದು ಪೂರ್ತಿ ಪ್ರೀಮಿಯಂ ಮೇಲಲ್ಲ, ನಿಮ್ಮ ಸ್ವಂತ ಕಾರಿನ ಹಾನಿಗೆ ಕಟ್ಟುವ ಭಾಗದ ಮೇಲೆ ಮಾತ್ರ. ಒಂದು ಕ್ಲೈಮ್ ಆದರೆ ಮೇಲಿನಿಂದ ನೇರ ಸೊನ್ನೆಗೆ ಬೀಳುತ್ತದೆ, ಮತ್ತೆ ಮೊದಲಿನಿಂದ ಹತ್ತಬೇಕು. ಇಲ್ಲಿ ತಪ್ಪು ಯಾರದ್ದು ಅಂತ ನೋಡುವುದೇ ಇಲ್ಲ. ನಿಲ್ಲಿಸಿದ ಕಾರಿಗೆ ಯಾರೋ ಗುದ್ದಿ ಹೋದರೂ ರಿಪೇರಿಯನ್ನು ನಿಮ್ಮ ಪಾಲಿಸಿಯಲ್ಲಿ ಮಾಡಿಸಿದರೆ ಬೋನಸ್ ಹೋಯಿತು. ಬ್ರಿಟನ್‌ನಲ್ಲಿ ಬೇರೆ ಥರದ ಕಷ್ಟ. ಅಲ್ಲಿ ಕಂಪನಿಗಳು ಕೊಟ್ಟ ಹಣ ಎದುರಿನವನಿಂದ ವಾಪಸ್ ಬಂತೋ ಇಲ್ಲವೋ ಅಂತ ನೋಡುತ್ತವೆ. ಓಡಿಹೋದವನಿಂದ ಏನು ಬರುತ್ತದೆ? ಹಾಗಾಗಿ ಅದು ಸಾಮಾನ್ಯವಾಗಿ ನಿಮ್ಮ ತಪ್ಪಿನ ಕ್ಲೈಮ್ ಅನ್ನುವ ಖಾನೆಗೆ ಹೋಗುತ್ತದೆ. ಕ್ಲೈಮ್ ಮಾಡದೆ ಬರೀ ತಿಳಿಸಿದ ಘಟನೆಗಳೂ ಅಲ್ಲಿ ಕಂಪನಿಗಳು ಹಂಚಿಕೊಳ್ಳುವ ದಾಖಲೆಗೆ ಸೇರಬಹುದು.

ಇದನ್ನು ಓದಿ "ಹಾಗಾದರೆ ಸುಮ್ನಿದ್ದುಬಿಡೋಣ" ಅಂದುಕೊಳ್ಳಬೇಡಿ. ಹೆಚ್ಚಿನ ಪಾಲಿಸಿಗಳಲ್ಲಿ ಅಪಘಾತವಾದರೆ ತಡಮಾಡದೆ ತಿಳಿಸಬೇಕು ಅಂತ ಷರತ್ತೇ ಇರುತ್ತದೆ, ನೀವು ಕ್ಲೈಮ್ ಮಾಡಿ ಬಿಡಿ. ಅದಕ್ಕಿಂತ ದೊಡ್ಡ ಕಾರಣ ಎಂದರೆ ಓಡಿಹೋದವನು ಸುಮ್ಮನಿರುತ್ತಾನೆ ಅಂತ ಯಾವ ಭರವಸೆಯೂ ಇಲ್ಲ. ನಿಮ್ಮ ನಂಬರನ್ನು ಅವನೂ ನೋಡಿರುತ್ತಾನೆ ಅಲ್ವಾ? ನಾಳೆ ಅವನೇ ಮೊದಲು ದೂರು ಕೊಟ್ಟು, ಮುಂದಿನ ಕಾರು ಹಿಂದೆ ಉರುಳಿ ಬಂದು ತನಗೆ ಗುದ್ದಿತು ಅಂದರೆ, ನಿಮ್ಮ ಕಂಪನಿಗೆ ವಿಷಯ ಗೊತ್ತಾಗುವುದು ಅವನ ಬಾಯಿಂದ. ಆಗ ನೀವು ಏನು ಹೇಳಿದರೂ ಅದು ಆಮೇಲೆ ಹೊಳೆದ ಮಾತಿನಂತೆ ಕಾಣುತ್ತದೆ.

ಕಾನೂನೂ ಇದೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 134ನೇ ಸೆಕ್ಷನ್ ಪ್ರಕಾರ, ಅಪಘಾತದಲ್ಲಿ ಯಾರಿಗಾದರೂ ಗಾಯವಾದರೆ ಅಥವಾ ಬೇರೆಯವರ ಆಸ್ತಿಗೆ ಹಾನಿಯಾದರೆ ಚಾಲಕ 24 ಗಂಟೆಯೊಳಗೆ ಪೊಲೀಸರಿಗೆ ವರದಿ ಮಾಡಬೇಕು, ಇನ್ಶೂರೆನ್ಸ್ ಕಂಪನಿಗೆ ಲಿಖಿತವಾಗಿ ತಿಳಿಸಬೇಕು. ಬ್ರಿಟನ್‌ನ ರಸ್ತೆ ಸಂಚಾರ ಕಾಯ್ದೆಯೂ 1988ರದ್ದೇ. ಅದರ 170ನೇ ಸೆಕ್ಷನ್ ಕೂಡ, ಸ್ಥಳದಲ್ಲಿ ವಿವರ ಕೊಡಲು ಆಗದಿದ್ದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು ಅನ್ನುತ್ತದೆ. ನಮ್ಮ ಕಾಯ್ದೆಯಲ್ಲಿರುವ ಆ 'ಲಿಖಿತ' ಅನ್ನುವುದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಕಂಪನಿಯವರು ಸಹಾಯವಾಣಿಗೆ ಫೋನ್ ಮಾಡಿ ಅನ್ನುತ್ತಾರೆ, ಏಕೆಂದರೆ ಅವರಿಗೆ ಅದು ಸುಲಭ. ನೀವು ಮಾತ್ರ ಇಮೇಲ್‌ನಲ್ಲಿ ಬರೆಯಿರಿ. ಫೋನ್ ಮಾಡಲೇಬೇಕಾಗಿ ಬಂದರೆ ಮೊದಲು ಇಮೇಲ್ ಕಳಿಸಿ, ಆಮೇಲೆ ಫೋನ್ ಮಾಡಿ "ನಾನು ಇಮೇಲ್‌ನಲ್ಲಿ ಬರೆದಿರುವುದೇ ನನ್ನ ಹೇಳಿಕೆ" ಅಂತ ಹೇಳಿ.

ಇನ್ನೊಂದು ತಪ್ಪು ಸಲಹೆಯ ಬಗ್ಗೆಯೂ ಹೇಳಬೇಕು. "ಹಿಟ್ ಅಂಡ್ ರನ್ ಅಂದ್ರೆ ಸರ್ಕಾರದಿಂದ ಪರಿಹಾರ ಬರುತ್ತೆ, ಅರ್ಜಿ ಹಾಕು" ಅಂತ ನನಗೆ ಬಹಳ ಜನ ಹೇಳಿದರು. ಯೋಜನೆ ಇರುವುದು ನಿಜ. 2022ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ, ಸಾವಾದರೆ 2 ಲಕ್ಷ, ತೀವ್ರ ಗಾಯವಾದರೆ 50 ಸಾವಿರ ರೂಪಾಯಿ. ಅದು ಮನುಷ್ಯರಿಗೆ, ಬಂಪರಿಗೆ ಅಲ್ಲ. ಬ್ರಿಟನ್‌ನಲ್ಲಿ ಇಂಥ ಕೆಲಸಕ್ಕೆ 1946ರಲ್ಲಿ ಹುಟ್ಟಿದ ಮೋಟಾರ್ ಇನ್ಶೂರರ್ಸ್ ಬ್ಯೂರೋ ಇದೆ. ಗುದ್ದಿದ ವಾಹನ ಯಾವುದು ಅಂತಲೇ ಪತ್ತೆಯಾಗದಿದ್ದರೆ, ಬರೀ ಕಾರಿನ ಹಾನಿಗೆ ಅಲ್ಲೂ ಹಣ ಸಿಗುವುದಿಲ್ಲ. ಈ ಆಸೆ ಇಟ್ಟುಕೊಂಡು ಓಡಾಡಿ ದಿನ ಕಳೆಯಬೇಡಿ.

ಓಡಿದವನ ಪೂರ್ತಿ ನಂಬರ್ ಸಿಕ್ಕರೂ ಅವನ ಕಂಪನಿಯಿಂದ ವಸೂಲಿ ಮಾಡುವುದು ಭಾರತದಲ್ಲಿ ಸುಲಭ ಅಲ್ಲ. ಸರ್ಕಾರದ ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿದರೆ ಅದು ಯಾವ ವಾಹನ, ಇನ್ಶೂರೆನ್ಸ್ ಚಾಲ್ತಿಯಲ್ಲಿದೆಯಾ ಅಂತ ಕಾಣುತ್ತದೆ. ಆದರೆ ಥರ್ಡ್ ಪಾರ್ಟಿ ಹಾನಿಗೆ, ಅಂದರೆ ಅವನ ಪಾಲಿಸಿಯಿಂದ ನಿಮ್ಮ ನಷ್ಟ ತುಂಬಿಸಿಕೊಳ್ಳಲು, ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಹೋಗಬೇಕು, ಪೊಲೀಸ್ ಕಾಗದ ಬೇಕು. ಒಂದು ಗೀರಿಗೆ ಯಾರು ಅಷ್ಟು ದೂರ ಹೋಗುತ್ತಾರೆ? ಹಾಗಾಗಿಯೇ ತಪ್ಪು ಯಾರದ್ದಾದರೂ ಎಲ್ಲರೂ ತಮ್ಮ ತಮ್ಮ ಪಾಲಿಸಿಯಲ್ಲೇ ರಿಪೇರಿ ಮಾಡಿಸಿಕೊಳ್ಳುತ್ತಾರೆ. ಗುದ್ದಿದವನು ಏನನ್ನೂ ಕಳೆದುಕೊಳ್ಳುವುದಿಲ್ಲ, ಗುದ್ದಿಸಿಕೊಂಡವರ ಬೋನಸ್ ಹೋಗುತ್ತದೆ. ಇದು ನನಗೆ ಇವತ್ತಿಗೂ ಅನ್ಯಾಯ ಅಂತಲೇ ಕಾಣುತ್ತದೆ.

ಕ್ಲೈಮ್ ಮಾಡಬೇಕಾ ಬೇಡವಾ ಅನ್ನುವ ಲೆಕ್ಕ ಹಾಕುವ ಮೊದಲು ಗ್ಯಾರೇಜಿನಿಂದ ಬರಹದಲ್ಲಿ ಎಸ್ಟಿಮೇಟ್ ತೆಗೆದುಕೊಳ್ಳಿ. ಅದರಲ್ಲಿ ಪೂರ್ತಿ ಹಣ ಕಂಪನಿ ಕೊಡುತ್ತದೆ ಅಂತ ಅಂದುಕೊಂಡರೆ ತಪ್ಪು. ಸಾಮಾನ್ಯ ಪಾಲಿಸಿಯಲ್ಲಿ ಪ್ಲಾಸ್ಟಿಕ್ ಮತ್ತು ರಬ್ಬರ್ ಭಾಗಗಳಿಗೆ ಸವಕಳಿ (ಬಳಸಿ ಸವೆದದ್ದರ ಲೆಕ್ಕ) ಅಂತ ಶೇ. 50 ಕಳೆಯುತ್ತಾರೆ, ಕಾರು ಎಷ್ಟೇ ಹೊಸದಿರಲಿ. ಈಗಿನ ಕಾರುಗಳ ಬಂಪರ್ ಪ್ಲಾಸ್ಟಿಕ್ಕಿನದ್ದೇ. ಅದರ ಮೇಲೆ ಕಡ್ಡಾಯವಾಗಿ ನೀವೇ ಭರಿಸಬೇಕಾದ ಒಂದು ಮೊತ್ತ ಬೇರೆ. ಸವಕಳಿ ಕಳೆಯದಂತೆ ಹೆಚ್ಚು ಹಣ ಕೊಟ್ಟು ಸೇರಿಸಿಕೊಳ್ಳುವ ಝೀರೋ ಡೆಪ್ ತೆಗೆದುಕೊಂಡಿದ್ದರೆ ಸವಕಳಿ ಇರುವುದಿಲ್ಲ, ಕೈಯಿಂದ ಹಾಕುವ ಆ ಮೊತ್ತ ಮಾತ್ರ ಇರುತ್ತದೆ. ಎನ್‌ಸಿಬಿ ಉಳಿಸುವ ಆಡ್-ಆನ್ ಇದೆಯಾ ಅಂತಲೂ ಪಾಲಿಸಿಯಲ್ಲಿ ನೋಡಿ. ಇಷ್ಟೆಲ್ಲ ಕಳೆದ ಮೇಲೆ ಉಳಿಯುವ ಹಣವನ್ನು, ಮುಂದಿನ ಹಲವು ವರ್ಷ ಕಳೆದುಕೊಳ್ಳುವ ರಿಯಾಯಿತಿಯ ಜೊತೆ ಇಟ್ಟು ನೋಡಿ, ಈ ವರ್ಷದ್ದರ ಜೊತೆ ಮಾತ್ರ ಅಲ್ಲ. ಚಿಕ್ಕ ಗೀರಿಗೆ ಬಹಳ ಸಲ ಕೈಯಿಂದ ಕೊಡುವುದೇ ಲಾಭ.

ಆದರೆ ಮೇಲಿಂದ ನೋಡಿ ಚಿಕ್ಕದು ಅಂತ ಬೇಗ ತೀರ್ಮಾನಿಸಬೇಡಿ. ಬಂಪರ್ ಪ್ಲಾಸ್ಟಿಕ್ ಒಳಗೆ ಹೋಗಿ ಮತ್ತೆ ತಾನೇ ಹೊರಗೆ ಬರುತ್ತದೆ, ಹಿಂದಿರುವ ಲೋಹದ ಪಟ್ಟಿ ಬಾಗಿದ್ದು ಹಾಗೇ ಉಳಿಯುತ್ತದೆ. ನನ್ನ ಕಾರಿನಲ್ಲಿ ಪಾರ್ಕಿಂಗ್ ಸೆನ್ಸರ್ ಹಿಡಿದಿರುವ ಬ್ರಾಕೆಟ್ ಮುರಿದಿತ್ತು, ಏನೂ ಇಲ್ಲದ ಕಡೆಯೂ ಕೂಗಿಕೊಳ್ಳುತ್ತಿತ್ತು. ಕೆಲವು ಕಾರುಗಳಲ್ಲಿ ಬಂಪರಿನ ಮೂಲೆಗಳ ಹಿಂದೆ ರೇಡಾರ್ ಇರುತ್ತದೆ. ಅದು ಸ್ವಲ್ಪ ವಾರೆಯಾದರೂ ಮತ್ತೆ ಸರಿಹೊಂದಿಸಬೇಕು, ಅದಕ್ಕೆ ಬಣ್ಣ ಬಳಿಯುವುದಕ್ಕಿಂತ ಎಷ್ಟೋ ಜಾಸ್ತಿ ಖರ್ಚು. ಬಂಪರ್ ಬಿಚ್ಚಿ ನೋಡಿದ ಮೇಲೆ ನಿರ್ಧರಿಸಿ. ಹಾಗೆಯೇ, ಕ್ಲೈಮ್ ಮಾಡುವ ಯೋಚನೆ ಇದ್ದರೆ ಸರ್ವೇಯರ್ ನೋಡುವ ಮೊದಲು ರಿಪೇರಿ ಮಾಡಿಸಬೇಡಿ. ಹಾನಿಯನ್ನು ನೋಡಲು ಅವರಿಗೆ ಅವಕಾಶವೇ ಸಿಗಲಿಲ್ಲ ಅಂತ ತಿರಸ್ಕರಿಸಲು ನೀವೇ ಕಾರಣ ಕೊಟ್ಟಂತಾಗುತ್ತದೆ.

ಫೋಟೋ ತೆಗೆಯುವಾಗ ಗೀರನ್ನು ಹತ್ತಿರದಿಂದ ತೆಗೆದರೆ ಸಾಲದು. ಅಂಟಿದ ಬಣ್ಣ, ನೆಲದಿಂದ ಗೀರು ಎಷ್ಟು ಎತ್ತರದಲ್ಲಿದೆ ಅನ್ನುವುದು, ಸುತ್ತಲಿನ ರಸ್ತೆ, ಎಲ್ಲವೂ ಬರಲಿ. ಆ ಬಣ್ಣವನ್ನು ಒರೆಸಬೇಡಿ, ತೊಳೆಸಬೇಡಿ. ಡ್ಯಾಶ್‌ಕ್ಯಾಮ್ ಇದ್ದರೆ ಅವತ್ತೇ ಆ ತುಣುಕನ್ನು ಬೇರೆ ಕಡೆ ಉಳಿಸಿಕೊಳ್ಳಿ, ಕಾರ್ಡ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತಾ ಹೋಗುತ್ತದೆ. ಅಕ್ಕಪಕ್ಕದ ಸಿಸಿಟಿವಿಯದ್ದೂ ಇದೇ ಕಥೆ, ಅವತ್ತೇ ಹೋಗಿ ಕೇಳಿ.

ಕಂಪನಿ ಬದಲಾಯಿಸಿದರೆ ಇದೆಲ್ಲ ತೊಳೆದುಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಇಲ್ಲ. ಹೊಸ ಕಂಪನಿ ಹಳೆಯ ಕ್ಲೈಮ್ ಬಗ್ಗೆ ಕೇಳುತ್ತದೆ, ಹಳೆಯ ಕಂಪನಿಯಿಂದ ಖಚಿತಪಡಿಸಿಕೊಳ್ಳುತ್ತದೆ. ಸುಳ್ಳು ಹೇಳಿ ಎನ್‌ಸಿಬಿ ತೆಗೆದುಕೊಂಡು, ಮುಂದೆ ದೊಡ್ಡ ಅಪಘಾತವಾದಾಗ ಅದು ಹೊರಬಂದರೆ ನಿಮ್ಮ ಕಾರಿನ ಹಾನಿಯ ಹಣವೇ ಸಿಗದೆ ಹೋಗಬಹುದು. ಫೈಲ್ ತಪ್ಪಾಗಿದ್ದರೆ ಅದನ್ನು ತಿದ್ದಿಸುವುದೊಂದೇ ದಾರಿ.

ನಾನು ಮೊದಲು ಕಂಪನಿಯ ದೂರು ವಿಭಾಗಕ್ಕೆ ಬರೆದೆ. ಎರಡು ವಿಷಯ ಕೇಳಿದೆ. ನನ್ನ ಕರೆಯ ರೆಕಾರ್ಡಿಂಗ್ ಕೇಳಿ ವಿವರ ತಿದ್ದಿ, ಮತ್ತು ಫೈಲನ್ನು ಪಾವತಿ ಇಲ್ಲದೆ ಮುಚ್ಚಿ ಪತ್ರ ಕೊಡಿ. ಮೊದಲ ಉತ್ತರ ನಿಯಮದ ಪ್ರಕಾರ ಆಗಿದೆ ಅನ್ನುವ ಒಣ ಮಾತು. ವಿಮಾ ಕಂಪನಿಗಳ ಮೇಲಿನ ದೂರು ಕೇಳಿ ತೀರ್ಮಾನಿಸುವ ವಿಮಾ ಓಂಬುಡ್ಸ್‌ಮನ್ ಹತ್ತಿರ ಹೋಗುತ್ತೇನೆ ಅಂತ ಬರೆದ ಮೇಲೆ ರೆಕಾರ್ಡಿಂಗ್ ಕೇಳಿದರು. ಅದರಲ್ಲಿ ನನ್ನ ಮಾತು ಸ್ಪಷ್ಟವಾಗಿತ್ತು. ವಿವರ ತಿದ್ದಿದರು, ಫೈಲ್ ಮುಚ್ಚಿದರು, ಬೋನಸ್ ವಾಪಸ್ ಕೊಟ್ಟರು. ಇದೆಲ್ಲ ಅವರು ಮೊದಲ ದಿನವೇ ಮಾಡಬೇಕಿದ್ದ ಕೆಲಸ. ನಿಮಗೂ ಇಂಥ ಪರಿಸ್ಥಿತಿ ಬಂದರೆ ವಿಮಾ ಕಂಪನಿಗಳನ್ನು ನಿಯಂತ್ರಿಸುವ ಐಆರ್‌ಡಿಎಐನ ಬಿಮಾ ಭರೋಸಾ ಪೋರ್ಟಲ್‌ನಲ್ಲಿ ದೂರು ದಾಖಲಿಸಬಹುದು. ಓಂಬುಡ್ಸ್‌ಮನ್ ಹತ್ತಿರ ಹೋಗಲು ಮೊದಲು ಕಂಪನಿಗೆ ಲಿಖಿತ ದೂರು ಕೊಟ್ಟಿರಬೇಕು. ಅವರು ತಿರಸ್ಕರಿಸಿದರೆ, ಅಥವಾ ಒಂದು ತಿಂಗಳಾದರೂ ಉತ್ತರ ಕೊಡದಿದ್ದರೆ ಹೋಗಬಹುದು. ಶುಲ್ಕ ಇಲ್ಲ, ವಕೀಲರೂ ಬೇಡ.

ಮೊದಲ ದಿನವೇ ಕಳಿಸಬೇಕಾದ ಇಮೇಲ್ ಇಷ್ಟೇ. ಬೇಕಿದ್ದರೆ ಹಾಗೇ ತೆಗೆದುಕೊಳ್ಳಿ:

"ನನ್ನ ಪಾಲಿಸಿ ನಂಬರ್ ಇಂಥದ್ದು. ಇಂಥ ದಿನ, ಇಂಥ ಸಮಯ, ಇಂಥ ಜಾಗದಲ್ಲಿ ನನ್ನ ಕಾರು ನಿಂತಿದ್ದಾಗ ಇನ್ನೊಂದು ವಾಹನ ಹಿಂದಿನಿಂದ ಬಂದು ಗುದ್ದಿ ನಿಲ್ಲಿಸದೆ ಹೋಗಿದೆ. ಯಾರಿಗೂ ಗಾಯವಾಗಿಲ್ಲ. ಆ ವಾಹನದ ಬಗ್ಗೆ ನನಗೆ ಗೊತ್ತಿರುವುದು ಇಷ್ಟು. ಫೋಟೋಗಳನ್ನು ಲಗತ್ತಿಸಿದ್ದೇನೆ. ಪಾಲಿಸಿಯ ಷರತ್ತಿನಂತೆ ಮಾಹಿತಿಗಾಗಿ ಮಾತ್ರ ಇದನ್ನು ತಿಳಿಸುತ್ತಿದ್ದೇನೆ. ಈಗ ನಾನು ಕ್ಲೈಮ್ ಮಾಡುತ್ತಿಲ್ಲ. ಒಳಗಿನ ಹಾನಿ ಗೊತ್ತಾದ ಮೇಲೆ ಕ್ಲೈಮ್ ಮಾಡುವ ಹಕ್ಕನ್ನು ಉಳಿಸಿಕೊಂಡಿದ್ದೇನೆ. ದಯವಿಟ್ಟು ಕ್ಲೈಮ್ ನೋಂದಾಯಿಸಬೇಡಿ, ನೋಂದಾಯಿಸಿದ್ದರೆ ಪಾವತಿ ಇಲ್ಲದೆ ಮುಚ್ಚಿ ಲಿಖಿತವಾಗಿ ತಿಳಿಸಿ. ನಿಮ್ಮ ದಾಖಲೆಯಲ್ಲಿ ಘಟನೆಯ ವಿವರ ಹೇಗಿದೆ ಅನ್ನುವುದರ ಪ್ರತಿ ಕಳಿಸಿ."

ಉತ್ತರ ಬಂದಾಗ ಆ ವಿವರವನ್ನು ಒಂದೊಂದು ಸಾಲೂ ಬಿಡದೆ ಓದಿ. ರಿನ್ಯೂವಲ್‌ಗೆ ಒಂದೆರಡು ತಿಂಗಳು ಇರುವಾಗಲೇ ಕ್ಲೈಮ್ ಸ್ಥಿತಿ ಏನಿದೆ ಅಂತ ಇನ್ನೊಮ್ಮೆ ಕೇಳಿ ಬರೆಸಿಕೊಳ್ಳಿ, ಕೊನೆಯ ವಾರಕ್ಕೆ ಬಿಟ್ಟರೆ ತಿದ್ದಿಸಲು ಸಮಯ ಸಿಗುವುದಿಲ್ಲ.