ಗೋಡೆಗೆ ಚುಚ್ಚುವ ತೇವದ ಮೀಟರ್: ಒಂಬತ್ತು ಮನೆ ಸುತ್ತಿದ ಮೇಲೆ ಬರೆಯುತ್ತಿದ್ದೇನೆ

ಟಿವಿ ರಿಮೋಟ್‌ಗಿಂತ ಸ್ವಲ್ಪ ಚಿಕ್ಕದು. ಮೂತಿಯಲ್ಲಿ ಎರಡು ಚೂಪು ಸೂಜಿ, ನಡುವೆ ಪುಟ್ಟ ಪರದೆ, ಒಳಗೆ 9 ವೋಲ್ಟಿನ ಬ್ಯಾಟರಿ. ಹಳೇ ಮನೆ ಕೊಳ್ಳೋಣ ಅಂತ ತಿರುಗಾಟ ಶುರು ಮಾಡಿದಾಗ ತರಿಸಿದ್ದು. "ತೇವ ಇದ್ದರೆ ಕೈಯಿಟ್ಟರೆ ಗೊತ್ತಾಗಲ್ವಾ?" ಅಂದಳು ಹೆಂಡತಿ. ನನಗೂ ಹಾಗೇ ಅನಿಸಿತ್ತು.

ಎರಡನೇ ಮನೆಯಲ್ಲಿ ಉತ್ತರ ಸಿಕ್ಕಿತು. ಹೊಸ ಬಣ್ಣ, ಫಳಫಳ ಹೊಳೆಯುವ ಹಾಲ್. ಕೈಯಿಟ್ಟರೆ ಗೋಡೆ ಒಣಗಿಯೇ ಇತ್ತು. ಎದೆಯ ಎತ್ತರದಲ್ಲಿ ಚುಚ್ಚಿದರೆ 9. ನೆಲದಿಂದ ಒಂದು ಗೇಣು ಮೇಲೆ ಚುಚ್ಚಿದರೆ 31, ಜೊತೆಗೆ ಕಿರ್ ಅಂತ ಸದ್ದು. ಏಜೆಂಟ್ ತಕ್ಷಣ "ಬೆಳಿಗ್ಗೆ ನೆಲ ಒರೆಸಿದ್ದಾರೆ ಸರ್" ಅಂದ. ಸರಿ, ಒರೆಸಿರಲಿ. ಆದರೆ ಎದುರಿನ ಗೋಡೆಯ ಬುಡದಲ್ಲಿ 10 ಇತ್ತಲ್ಲ, ಅಲ್ಲೇನು ಒರೆಸಲಿಲ್ವಾ? ಶೋಕೇಸ್ ಸ್ವಲ್ಪ ಸರಿಸಿ ನೋಡಿದೆವು. ಅಲ್ಲಿಗೆ ಬಣ್ಣ ಮುಟ್ಟಿರಲಿಲ್ಲ. ಮೊಣಕಾಲೆತ್ತರದವರೆಗೆ ಬಿಳಿ ಉಪ್ಪು ಹೂವಿನ ಹಾಗೆ ಅರಳಿತ್ತು, ಉಗುರು ತಾಗಿಸಿದರೆ ಗಾರೆ ಪುಡಿಪುಡಿ. ಮೇಲೆ ಥಳಕು, ಒಳಗೆ ಹುಳುಕು ಅನ್ನುವುದು ಇದಕ್ಕೇ.

ಇದು ಕೆಲಸ ಮಾಡುವ ರೀತಿ ಸರಳ. ಎರಡು ಸೂಜಿಗಳ ನಡುವೆ ಸ್ವಲ್ಪವೇ ಸ್ವಲ್ಪ ಕರೆಂಟ್ ಹರಿಯುತ್ತದೆ. ತೇವ ಜಾಸ್ತಿ ಇದ್ದಷ್ಟೂ ಸಲೀಸಾಗಿ ಹರಿಯುತ್ತದೆ, ಅಂಕಿ ಏರುತ್ತದೆ. ಆದರೆ ಆ ಅಂಕಿಯನ್ನು ಸಾಮಾನ್ಯವಾಗಿ ಹೊಂದಿಸಿರುವುದು ಮರಕ್ಕೆ. ಮರದಲ್ಲಿ 20 ದಾಟಿದರೆ ಕೊಳೆಯುವ ಭಯ ಅಂತ ಲೆಕ್ಕ. ಇಟ್ಟಿಗೆ ಗೋಡೆಯಲ್ಲಿ 31 ಅಂದರೆ ಶೇಕಡಾ 31 ನೀರು ಅಂತಲ್ಲ. ಇನ್ನೊಂದು ಒಣ ಗೋಡೆಯ ಜೊತೆ ಹೋಲಿಸಿ ನೋಡುವುದಕ್ಕೆ ಮಾತ್ರ ಅದು. ಪೆಟ್ಟಿಗೆಯಲ್ಲಿ ಬಂದ ಕೈಪಿಡಿಯಲ್ಲಿ ಈ ಮಾತೇ ಇಲ್ಲ. ಒಂದು ಸ್ಟಾರ್ ಕಡಿಮೆ ಮಾಡಿದ್ದು ಅದಕ್ಕೆ.

ನಾನು ಕಲಿತ ಉಪಾಯ ಹೀಗಿದೆ. ಮೊದಲು ಮನೆಯ ಮಧ್ಯದ, ನೀರಿನ ಪೈಪ್ ಇಲ್ಲದ ಗೋಡೆಯನ್ನು ಅಳೆದು ಅಂಕಿ ಬರೆದುಕೊಳ್ಳಿ. ಆಮೇಲೆ ಕಿಟಕಿಯ ಕೆಳಗೆ, ಸಿಂಕಿನ ಹಿಂದೆ, ಬೀರು ಇಟ್ಟ ಮೂಲೆ. ಬಾತ್‌ರೂಮಿನ ಆಚೆ ಬದಿಯ ಗೋಡೆಯನ್ನು ಎರಡು ಸಲ ಅಳೆಯಬೇಕು. ಒಂದು ಸಲ ಅಳೆದು, ಶವರ್ ಬಿಟ್ಟು, ಉಳಿದ ಮನೆ ನೋಡಿ ಬಂದು ಮತ್ತೊಂದು ಸಲ. ಐದನೇ ಮನೆಯಲ್ಲಿ 14 ಇದ್ದದ್ದು ಅರ್ಧ ಗಂಟೆಯಲ್ಲಿ 22 ಆಯಿತು. ಮಾಲೀಕರ ಮುಖ ನೋಡಬೇಕಿತ್ತು. ಹಾಂ, ಚುಚ್ಚುವ ಮೊದಲು ಅವರನ್ನು ಕೇಳಿ. ಎರಡು ಸಣ್ಣ ತೂತು ಉಳಿಯುತ್ತವೆ. ಇನ್ನು, ತಿಂಗಳುಗಟ್ಟಲೆ ಮಳೆ ಕಾಣದ ಗೋಡೆ ಯಾರಿಗೆ ಬೇಕಾದರೂ ಒಳ್ಳೆಯ ಅಂಕಿಯನ್ನೇ ತೋರಿಸುತ್ತದೆ. ಮಳೆ ಬಂದ ಮಾರನೇ ದಿನ ಹೋದರೆ ನಿಜ ಹೇಳುತ್ತದೆ.

ಮೀಟರ್ ಸುಳ್ಳೂ ಹೇಳುತ್ತದೆ. ಏಳನೇ ಮನೆ ನಮಗೆ ತುಂಬಾ ಹಿಡಿಸಿತ್ತು. ಅಡುಗೆಮನೆಯ ಹೊರಮೂಲೆಯಲ್ಲಿ ಚುಚ್ಚಿದ್ದೇ ತಡ, ಅಂಕಿ ತುದಿ ಮುಟ್ಟಿ ಕಿರುಚತೊಡಗಿತು. ಬೇಡ ಅಂತ ಎದ್ದು ಬಂದುಬಿಟ್ಟೆವು. ವಾರದ ನಂತರ ಪರಿಚಯದ ಮೇಸ್ತ್ರಿಗೆ ಹೇಳಿದರೆ ನಕ್ಕರು. ಮೂಲೆ ಒಡೆಯದಿರಲಿ ಅಂತ ಪ್ಲಾಸ್ಟರ್ ಒಳಗೆ ತಗಡಿನ ಪಟ್ಟಿ ಕೂರಿಸಿರುತ್ತಾರಂತೆ. ಸೂಜಿ ಅದಕ್ಕೆ ತಾಗಿತ್ತು! ಅವರನ್ನೇ ಕರೆದುಕೊಂಡು ಹೋಗಿ ಒಂದು ಗೇಣು ಪಕ್ಕಕ್ಕೆ ಅಳೆದರೆ 11. ಹಳೇ ಗೋಡೆಯಲ್ಲಿ ಉಪ್ಪು ಉಳಿದಿದ್ದರೂ ಹೀಗೇ ಅಂಕಿ ಏರುತ್ತದೆ ಅಂತ ಅವರೇ ಹೇಳಿದರು. ಅದಕ್ಕೇ ಒಂದು ಕಡೆ ಚುಚ್ಚಿ ತೀರ್ಮಾನ ಮಾಡಬೇಡಿ, ಸುತ್ತಮುತ್ತ ಐದಾರು ಕಡೆ ನೋಡಿ.

ಬಿರುಕು ನೋಡಲು ಮೀಟರ್ ಬೇಕಿಲ್ಲ, ಕಣ್ಣು ಸಾಕು. ಕೂದಲೆಳೆಯಂಥ ಬಿರುಕು ಎಲ್ಲ ಮನೆಯಲ್ಲೂ ಇರುತ್ತದೆ. ಇಟ್ಟಿಗೆ ಸಾಲಿನ ಜೊತೆ ಮೆಟ್ಟಿಲಿನ ಹಾಗೆ ಓಡುವ, 5 ಮಿಲಿಮೀಟರ್‌ಗಿಂತ ಅಗಲದ ಬಿರುಕು ಕಂಡರೆ ಎಂಜಿನಿಯರ್ ಕರೆಸದೆ ಮುಂಗಡ ಕೊಡಬೇಡಿ. ಪತ್ರಗಳನ್ನಂತೂ ಯಾವ ಸೂಜಿಯೂ ಓದುವುದಿಲ್ಲ. ಒಡೆತನ, ಮನೆ ಮೇಲಿನ ಸಾಲ, ಕಟ್ಟಲು ಸಿಕ್ಕ ಅನುಮತಿ ಎಲ್ಲವನ್ನೂ ನಮ್ಮದೇ ವಕೀಲರಿಗೆ ಕೊಟ್ಟೆವು. ಮಾರುವವರು ತೋರಿಸಿದ ವಕೀಲರಿಗಲ್ಲ.

ಆ ಏಳನೇ ಮನೆಯನ್ನೇ ಕೊನೆಗೆ ಕೊಂಡೆವು. ಎರಡು ಮಳೆಗಾಲ ಕಳೆದಿದೆ, ಗೋಡೆಗಳು ಈಗಲೂ 10, 11ರಲ್ಲೇ ಇವೆ. ಮೀಟರ್‌ಗೆ ನಾಲ್ಕು ಸ್ಟಾರ್. ಸೂಜಿಯ ಮುಚ್ಚಳ ಮೊದಲ ವಾರವೇ ಕಳೆದುಹೋಯಿತು, ಜೇಬಿನಲ್ಲಿಟ್ಟುಕೊಂಡರೆ ತೊಡೆಗೆ ಚುಚ್ಚುತ್ತದೆ, ಹುಷಾರು.

ನನಗೆ ನಾನು ಎಷ್ಟು ಸ್ಟಾರ್ ಕೊಟ್ಟುಕೊಳ್ಳಲಿ ಗೊತ್ತಿಲ್ಲ. ಮನೆ ನೋಡಲು ನಾಲ್ಕು ಸಲ ಹೋಗಿದ್ದೆವು, ನಾಲ್ಕೂ ಸಲ ಮಧ್ಯಾಹ್ನ. ನಲ್ಲಿ ತಿರುಗಿಸಿದರೆ ಜೋರಾಗಿ ನೀರು. ಬೆಳಿಗ್ಗೆ 7 ಗಂಟೆಗೆ, ಬೀದಿಯವರೆಲ್ಲ ಸ್ನಾನಕ್ಕೆ ನಿಂತಾಗ, ಮಹಡಿಯ ಬಾತ್‌ರೂಮಿನಲ್ಲಿ ಬಕೆಟ್ ತುಂಬಲು ಹದಿನೆಂಟು ನಿಮಿಷ ಬೇಕು. ಗಡಿಯಾರ ಇಟ್ಟುಕೊಂಡೇ ನೋಡಿದ್ದೇನೆ.