‘ಸೈಲೆಂಟ್’ ಎಂದು ಮಾರುವ ಜಿಟಿ 730: ಲಿನಕ್ಸ್ ಬಳಸುವವರಿಗೆ ಒಂದು ಎಚ್ಚರಿಕೆ

ಮನೆಯ ಲಿನಕ್ಸ್ ಕಂಪ್ಯೂಟರಿಗೆ ಸದ್ದು ಮಾಡದ ಗ್ರಾಫಿಕ್ಸ್ ಕಾರ್ಡ್ ಹುಡುಕುತ್ತಿರುವವರು, ಅದರಲ್ಲೂ ಬೆಲೆ ಕಡಿಮೆಯೆಂದು ಜಿಟಿ 730ರ ಮೇಲೆ ಕಣ್ಣಿಟ್ಟಿರುವವರು, ಹಣ ಕೊಡುವ ಮೊದಲು ಇದನ್ನು ಓದಬೇಕೆಂದು ಕೋರುತ್ತೇನೆ. 2014ರಲ್ಲಿ ಗ್ರಾಫಿಕ್ಸ್ ಚಿಪ್ಪು ತಯಾರಿಸುವ ಎನ್ವಿಡಿಯಾ ಕಂಪನಿ ಈ ಹೆಸರನ್ನು ಒಂದೇ ಚಿಪ್ಪಿಗೆ ಕೊಡಲಿಲ್ಲ. ಕೆಪ್ಲರ್ ಪೀಳಿಗೆಯ ಜಿಕೆ208 ಇರುವ ಕಾರ್ಡೂ ಜಿಟಿ 730, ಅದಕ್ಕಿಂತ ಹಳೆಯ ಫರ್ಮಿ ಪೀಳಿಗೆಯ ಜಿಎಫ್108 ಇರುವ ಕಾರ್ಡೂ ಜಿಟಿ 730. ಮೊದಲನೆಯದರಲ್ಲಿ ಲೆಕ್ಕ ಮಾಡುವ 384 ಕೋರ್‌ಗಳಿದ್ದು, ಡಿಡಿಆರ್3 ಮೆಮೊರಿಯ ಮಾದರಿ 23 ವ್ಯಾಟ್ ವಿದ್ಯುತ್ ಬಳಸುತ್ತದೆ. ಎರಡನೆಯದರಲ್ಲಿ ಇರುವುದು 96 ಕೋರ್, ಆದರೆ ಅದಕ್ಕೆ 49 ವ್ಯಾಟ್ ಬೇಕು. ಕೆಲಸ ಕಡಿಮೆ, ಬಿಸಿ ಹೆಚ್ಚು, ಹಾಗಾಗಿ ಸದ್ದೂ ಹೆಚ್ಚು.

ನನ್ನ ಪ್ರೊಸೆಸರ್ ಹೆಸರಿನ ಕೊನೆಗೆ ‘ಎಫ್’ ಅಕ್ಷರವಿರುವ ಇಂಟೆಲ್ ಮಾದರಿ. ಅಂದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಪ್ರತ್ಯೇಕ ಕಾರ್ಡ್ ಇಲ್ಲದೆ ಪರದೆಯೇ ಹೊತ್ತಿಕೊಳ್ಳುವುದಿಲ್ಲ. ಆಟಗಳ ಗೋಜು ನನಗಿಲ್ಲ. ಕಂಪ್ಯೂಟರ್ ಮಲಗುವ ಕೋಣೆಯಲ್ಲಿದ್ದು ರಾತ್ರಿಯಿಡೀ ಚಾಲೂ ಇರುವುದರಿಂದ ಸದ್ದು ಇರಬಾರದು ಎಂಬುದೊಂದೇ ಬೇಡಿಕೆ. ಬೆಂಗಳೂರಿನ ಎಸ್‌ಪಿ ರಸ್ತೆಯ ಅಂಗಡಿಯೊಂದರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದ್ದೆ. ಅವರು ಕೊಟ್ಟ ಜಿಟಿ 730ರ ಡಬ್ಬಿಯ ಮೇಲೆ ‘ಸೈಲೆಂಟ್ ಫ್ಯಾನ್’ ಎಂದೂ, ಬೆಂಬಲವಿರುವ ಆಪರೇಟಿಂಗ್ ಸಿಸ್ಟಂಗಳ ಸಾಲಿನಲ್ಲಿ ‘ಲಿನಕ್ಸ್’ ಎಂದೂ ಅಚ್ಚಾಗಿತ್ತು. ಚಿಪ್ಪಿನ ಹೆಸರು ಡಬ್ಬಿಯ ಯಾವ ಬದಿಯಲ್ಲೂ ಇರಲಿಲ್ಲ.

ಕಲಬುರಗಿಯ ಮನೆಗೆ ತಂದು ಜೋಡಿಸಿ ಸ್ವಿಚ್ ಹಾಕಿದಾಗ, ಪಕ್ಕದ ಮನೆಯಲ್ಲಿ ಮಿಕ್ಸಿ ತಿರುಗುತ್ತಿದೆಯೇನೋ ಎಂಬಂಥ ಸಣ್ಣ ಕೀರಲು ಸದ್ದು ಶುರುವಾಯಿತು. ಪರದೆಯ ಮೇಲೆ ಏನೂ ನಡೆಯದಿರುವಾಗಲೂ ಅದು ಇಳಿಯಲಿಲ್ಲ. ಎಲ್‌ಎಸ್‌ಪಿಸಿಐ ಎಂಬ, ಯಂತ್ರಕ್ಕೆ ಜೋಡಿಸಿದ ಭಾಗಗಳ ಪಟ್ಟಿ ತೋರಿಸುವ ಆದೇಶ ಕೊಟ್ಟು ನೋಡಿದರೆ ‘ಜಿಎಫ್108’ ಎಂಬ ಉತ್ತರ ಬಂತು. ಇದು 2010ರಲ್ಲೇ ಮಾರುಕಟ್ಟೆಗೆ ಬಂದಿದ್ದ ಚಿಪ್ಪು. ಫರ್ಮಿ ಚಿಪ್ಪುಗಳಿಗೆ ಎನ್ವಿಡಿಯಾದ ಸ್ವಂತ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) 390ನೇ ಸರಣಿಗೆ ಮುಗಿದಿದ್ದು, ಆ ಸರಣಿಯ ಬೆಂಬಲವೂ 2022ರಲ್ಲಿ ಕೊನೆಗೊಂಡಿದೆ. ನಾನು ಬಳಸುವ ಲಿನಕ್ಸ್ ಆವೃತ್ತಿಯಾದ ಡೆಬಿಯನ್ 12ರ ತಂತ್ರಾಂಶ ಭಂಡಾರದಲ್ಲಿ ಅದು ಸಿಗುವುದೇ ಇಲ್ಲ. ಉಳಿಯುವುದು ಮುಕ್ತ ಡ್ರೈವರ್ ಆದ ನೂವೋ. ಪರದೆ ತೋರಿಸಲು ಅದು ಸಾಕು. ಆದರೆ ಕುಗ್ಗಿಸಿಟ್ಟ ವಿಡಿಯೊವನ್ನು ಬಿಡಿಸಿ ತೋರಿಸುವ (ಡಿಕೋಡ್) ಹೊರೆಯೆಲ್ಲ ಪ್ರೊಸೆಸರ್ ಮೇಲೆ ಬಿದ್ದು, ಪ್ರೊಸೆಸರಿನ ಫ್ಯಾನೂ ದನಿಗೂಡಿಸಿತು.

ಡ್ರೈವರ್ ಸರಿಹೋದರೆ ಫ್ಯಾನ್ ತಣ್ಣಗಾದೀತು ಎಂಬ ಆಸೆಯೂ ಕಾರ್ಡನ್ನು ಹೊರತೆಗೆದು ನೋಡಿದಾಗ ಹೋಯಿತು. ಫ್ಯಾನಿನಿಂದ ಕಾರ್ಡಿಗೆ ಬರುವ ಪ್ಲಗ್ಗಿನಲ್ಲಿ ಇದ್ದದ್ದು ಎರಡೇ ತಂತಿ, ಒಂದು ಕೆಂಪು, ಒಂದು ಕಪ್ಪು. ನಾಲ್ಕು ತಂತಿಯ ಫ್ಯಾನಿನಲ್ಲಿ ಒಂದು ತಂತಿ ವೇಗವನ್ನು ವರದಿ ಮಾಡುತ್ತದೆ, ಇನ್ನೊಂದು ವೇಗ ಇಳಿಸು ಏರಿಸು ಎಂಬ ಸಂಕೇತವನ್ನು ಒಯ್ಯುತ್ತದೆ. ಇವೆರಡೂ ಇಲ್ಲದ ಅಗ್ಗದ ಕಾರ್ಡುಗಳಲ್ಲಿ ಫ್ಯಾನಿಗೆ ಸಾಮಾನ್ಯವಾಗಿ ನೇರ ವಿದ್ಯುತ್ ಹೋಗುತ್ತದೆ, ಅದು ಸದಾ ಪೂರ್ತಿ ವೇಗದಲ್ಲಿ ತಿರುಗುತ್ತದೆ. ಅಂಗಡಿಗೆ ಫೋನ್ ಮಾಡಿದರೆ, ‘ವಿಂಡೋಸ್ ಹಾಕಿ ನೋಡಿ ಸರ್, ಸೌಂಡೇ ಬರಲ್ಲ’ ಎಂಬ ಉತ್ತರ. ಸ್ನೇಹಿತರೊಬ್ಬರ ವಿಂಡೋಸ್ ಯಂತ್ರಕ್ಕೆ ಹಾಕಿ ನೋಡಿದ್ದಾಯಿತು. ಅಲ್ಲೂ ಅದೇ ಕೀರಲು. ಅದನ್ನು ತಿಳಿಸಿದ ಮೇಲೆ ಹಣ ಹಿಂದಿರುಗಿಸುವ ಮಾತು ಬರಲಿಲ್ಲ. ಹೆಚ್ಚುವರಿ ಹಣ ಕೊಟ್ಟರೆ ಫ್ಯಾನೇ ಇಲ್ಲದ ಕಾರ್ಡಿಗೆ ಬದಲಾಯಿಸಿಕೊಡುತ್ತೇವೆ ಎಂದರು. ಕೊರಿಯರ್ ಖರ್ಚು ಎರಡೂ ಕಡೆಯದು ನನ್ನದೇ.

ಬದಲಿಗೆ ಬಂದದ್ದು ಜಿಕೆ208 ಇರುವ, ಬಿಸಿ ಹೊರಹಾಕುವ ಲೋಹದ ಹೀಟ್‌ಸಿಂಕ್ ಮಾತ್ರ ಹೊತ್ತ ಜಿಟಿ 730. ಸದ್ದು ಸೊನ್ನೆ, ನಿಜ. ಆದರೆ ನಿಲುವು ಕ್ಯಾಬಿನೆಟ್ಟಿನಲ್ಲಿ ಕಾರ್ಡ್ ಅಡ್ಡ ಮಲಗಿರುತ್ತದೆ, ಹೀಟ್‌ಸಿಂಕಿನ ರೆಕ್ಕೆಗಳು ನೆಲದ ಕಡೆ ಮುಖ ಮಾಡಿರುತ್ತವೆ. ಬಿಸಿ ಗಾಳಿ ಮೇಲೇರಬೇಕಾದ ದಾರಿಗೆ ಕಾರ್ಡೇ ಅಡ್ಡ. ಮೇ ತಿಂಗಳ ಕಲಬುರಗಿಯಲ್ಲಿ ಕೋಣೆಯೇ ಕಾದಿರುವಾಗ ಈ ಚಿಪ್ಪು ಸುಮ್ಮನಿದ್ದೂ 80 ಡಿಗ್ರಿ ದಾಟಿತು. ಫ್ಯಾನಿಲ್ಲದ ಕಾರ್ಡ್ ಕೊಳ್ಳುವವರು ನಿಧಾನವಾಗಿ ತಿರುಗುವ 120 ಮಿಲಿಮೀಟರಿನ ಕ್ಯಾಬಿನೆಟ್ ಫ್ಯಾನಿನ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಇದನ್ನು ಯಾವ ಅಂಗಡಿಯವರೂ ಹೇಳುವುದಿಲ್ಲ. ದೊಡ್ಡ ಫ್ಯಾನಿನ ಮೆಲುದನಿ ಕಿವಿಗೆ ತಾಗುವುದಿಲ್ಲ ಎಂಬುದು ಸಮಾಧಾನ. ಡ್ರೈವರ್ ಕಥೆ ಇಲ್ಲೂ ಬಹಳ ಬೇರೆಯಲ್ಲ. ಕೆಪ್ಲರ್ ಚಿಪ್ಪುಗಳ ಕೊನೆಯ ಸರಣಿಯಾದ 470ರ ಬೆಂಬಲವೂ 2024ರಲ್ಲಿ ಮುಗಿಯಿತು. ನೂವೋ ಇದನ್ನು ಯಂತ್ರ ಶುರುವಾದಾಗಿನ ಕಡಿಮೆ ವೇಗದಲ್ಲೇ ಬಿಟ್ಟಿರುತ್ತದೆ, ವೇಗ ಏರಿಸಲು ಪ್ರತಿ ಸಲವೂ ನಾವೇ ಕೈಯಾರೆ ಆದೇಶ ಕೊಡಬೇಕು.

ಹಾಗಾದರೆ ಒಂದು ಮೆಟ್ಟಿಲು ಮೇಲಿನ ಜಿಟಿ 1030 ಕೊಳ್ಳೋಣ ಎನ್ನುವವರಿಗೂ ಒಂದು ಮಾತು. ಅದರಲ್ಲೂ ಜಿಡಿಡಿಆರ್5 ಮತ್ತು ಡಿಡಿಆರ್4 ಎಂಬ ಬೇರೆ ಬೇರೆ ಮೆಮೊರಿಯ ಎರಡು ರೂಪಗಳಿವೆ, ಎರಡನೆಯದರ ಮೆಮೊರಿ ವೇಗ ಮೊದಲನೆಯದರ ಅರ್ಧಕ್ಕಿಂತಲೂ ಕಡಿಮೆ. 580 ಸರಣಿಯ ಡ್ರೈವರೇ ಈ ಪ್ಯಾಸ್ಕಲ್ ಪೀಳಿಗೆಗೆ ಕೊನೆಯದು ಎಂದು ಎನ್ವಿಡಿಯಾ 2025ರಲ್ಲಿ ಪ್ರಕಟಿಸಿದೆ. ಈ ಪೀಳಿಗೆಯ ಚಿಪ್ಪುಗಳು ಕಂಪನಿಯ ಸಹಿಯುಳ್ಳ ಫರ್ಮ್‌ವೇರ್ (ಚಿಪ್ಪಿನೊಳಗೇ ನಡೆಯುವ ತಂತ್ರಾಂಶ) ಇಲ್ಲದೆ ವೇಗ ಬದಲಿಸಲು ಬಿಡದ ಕಾರಣ, ಆಮೇಲೆ ನೂವೋದಿಂದ ಕೆಪ್ಲರಿನಷ್ಟು ಸಹಾಯವೂ ಸಿಗದು.

ನಾನು ಕೊನೆಗೆ ನೆಲೆಗೊಂಡದ್ದು ಎಎಂಡಿಯ ಆರ್‌ಎಕ್ಸ್ 6400ರಲ್ಲಿ, ಅದೂ ಬೇರೆ ಅಂಗಡಿಯಿಂದ. ಅದರ ಡ್ರೈವರ್ ಲಿನಕ್ಸಿನ ತಿರುಳಾದ ಕರ್ನಲಿನ ಒಳಗೇ ಇರುವುದರಿಂದ ಕರ್ನಲ್ ನವೀಕರಣವಾದಾಗಲೆಲ್ಲ ಪರದೆ ಬರುತ್ತದೋ ಇಲ್ಲವೋ ಎಂಬ ದಿಗಿಲಿಲ್ಲ, 53 ವ್ಯಾಟಿನ ಕಾರ್ಡಾದ್ದರಿಂದ ಪವರ್ ಸಪ್ಲೈಯಿಂದ ಪ್ರತ್ಯೇಕ ಕೇಬಲ್ಲೂ ಬೇಡ. ಇದರಲ್ಲೂ ಕೊರತೆಗಳಿವೆ: ವಿಡಿಯೊವನ್ನು ಕುಗ್ಗಿಸಿ ಉಳಿಸುವ, ಅಂದರೆ ಎನ್‌ಕೋಡ್ ಮಾಡುವ ಭಾಗವೇ ಇಲ್ಲ, ಎವಿ1 ಎಂಬ ಹೊಸ ಬಗೆಯ ವಿಡಿಯೊ ಬಿಡಿಸಲು ಬರುವುದಿಲ್ಲ. ಪರದೆ ರೆಕಾರ್ಡ್ ಮಾಡುವವರಿಗೆ ಇಂಟೆಲ್‌ನ ಆರ್ಕ್ ಎ380 ವಾಸಿಯಾದೀತು, ಆದರೆ ಅದಕ್ಕೆ 6.2 ಅಥವಾ ಅದಕ್ಕಿಂತ ಹೊಸ ಕರ್ನಲ್ ಬೇಕು, ಮದರ್‌ಬೋರ್ಡಿನಲ್ಲಿ ಕಾರ್ಡಿನ ಪೂರ್ತಿ ಮೆಮೊರಿಯನ್ನು ಪ್ರೊಸೆಸರ್ ಒಮ್ಮೆಲೇ ಬಳಸಲು ಬಿಡುವ ರೀಸೈಜಬಲ್ ಬಾರ್ ಸೌಲಭ್ಯವೂ ಇರಬೇಕು. ಕೆಲಸವಿಲ್ಲದಾಗ ಫ್ಯಾನ್ ಪೂರ್ತಿ ನಿಲ್ಲುತ್ತದೆಯೇ ಎಂಬುದು ಚಿಪ್ಪಿಗಿಂತ ಹೆಚ್ಚಾಗಿ ಕಾರ್ಡ್ ತಯಾರಿಸಿದವರನ್ನು ಅವಲಂಬಿಸಿದೆ. ಅದನ್ನು ಮಾದರಿಯ ಪೂರ್ಣ ಹೆಸರಿನೊಂದಿಗೆ ವಿಚಾರಿಸಬೇಕು.

ಇಷ್ಟಾದರೂ ಜಿಟಿ 730ಯೇ ಬೇಕೆನ್ನುವವರು ಬಿಲ್ಲಿನಲ್ಲಿ ಕಾರ್ಡಿನ ಹೆಸರಿನ ಜೊತೆಗೆ ಚಿಪ್ಪಿನ ಹೆಸರನ್ನೂ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಡಬ್ಬಿಯಲ್ಲಿ ಮೆಮೊರಿ ಬಸ್ (ಚಿಪ್ಪು ಮತ್ತು ಮೆಮೊರಿಯ ನಡುವಿನ ದಾರಿ) ಎಷ್ಟು ಬಿಟ್ ಎಂದು ನೋಡಿ. ಎನ್ವಿಡಿಯಾದ ಮೂಲ ವಿವರದ ಪ್ರಕಾರ 128 ಬಿಟ್ ಎಂದಿದ್ದರೆ ಅದು ಫರ್ಮಿ, 64 ಬಿಟ್ ಎಂದಿದ್ದರೆ ಕೆಪ್ಲರ್. ದೊಡ್ಡ ಸಂಖ್ಯೆಯನ್ನು ತೋರಿಸಿ ‘ಇದೇ ಒಳ್ಳೇದು ಸರ್’ ಎನ್ನುವವರ ಅಂಗಡಿಯಲ್ಲಿ ನಿಲ್ಲಬೇಡಿ.