ಶಿರಸಿಯ ಗದ್ದೆಬಯಲಿನಲ್ಲಿ ಸ್ಪಿರಿಟ್: ಒಂದು ಫ್ಲೈಬಾರ್‌ಲೆಸ್ ಯೂನಿಟ್‌ನ ವಿಮರ್ಶೆ

ನೆಲದಲ್ಲಿ ನಿಂತು ರೇಡಿಯೋದಿಂದ ಹಾರಿಸುವ ನನ್ನ ಚಿಕ್ಕ ಮಾದರಿ ಹೆಲಿಕಾಪ್ಟರ್ ಅಲೈನ್ ಟಿ-ರೆಕ್ಸ್ 450ರ ನೆತ್ತಿಯಿಂದ ಫ್ಲೈಬಾರ್ ಕಳಚಿ ಎರಡು ವರ್ಷವಾಯಿತು. ಅದರ ಜಾಗಕ್ಕೆ ಮೊದಲು ಹಾಕಿದ ಫ್ಲೈಬಾರ್‌ಲೆಸ್ ಯೂನಿಟ್ಟನ್ನು, ಅಂದರೆ ಫ್ಲೈಬಾರ್‌ನ ಕೆಲಸವನ್ನು ತಾನು ಮಾಡುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು, ಬೆಲೆ ನೋಡಿ ಕೊಂಡಿದ್ದೆ. ಎರಡನೆಯದನ್ನು, ಅಂದರೆ ಜೆಕ್ ದೇಶದ ಸ್ಪಿರಿಟ್ಟನ್ನು, ಒಂದು ಮಳೆಗಾಲವಿಡೀ ಕೈಪಿಡಿಗಳನ್ನು ಓದಿ ಆರಿಸಿದೆ. ಶಿರಸಿಯ ಸುತ್ತಮುತ್ತ ನನಗೆ ತಿಳಿದಂತೆ ಈ ಹವ್ಯಾಸದವರು ಇನ್ನೊಬ್ಬರಿಲ್ಲ, ಬಿಡಿಭಾಗಗಳು ಬೆಂಗಳೂರಿನಿಂದ ಕೊರಿಯರ್‌ನಲ್ಲಿ ಬರಬೇಕು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬಿಡುವುದಿಲ್ಲ, ಆಮೇಲೆ ಕೊಯ್ಲು ಮುಗಿಯುವ ತನಕ ಗದ್ದೆ ಖಾಲಿಯಿರುವುದಿಲ್ಲ. ಹೀಗೆ ಉಳಿಯುವ ಕೆಲವೇ ತಿಂಗಳುಗಳಲ್ಲಿ ಯಂತ್ರ ಕೆಟ್ಟರೆ ಎಲ್ಲಿ ಕೆಟ್ಟಿದೆ ಎಂದು ಕೇಳಲು ಮನುಷ್ಯರಿಲ್ಲದ್ದರಿಂದ, ಅದನ್ನು ತಾನೇ ಹೇಳಬಲ್ಲ ಯೂನಿಟ್ ನನಗೆ ಬೇಕಾಗಿತ್ತು.

ಫ್ಲೈಬಾರ್ ಎಂದರೆ ಮುಖ್ಯ ಬ್ಲೇಡುಗಳಿಗೆ ಅಡ್ಡವಾಗಿ ತಿರುಗುವ, ತುದಿಯಲ್ಲಿ ಚಿಕ್ಕ ಹುಟ್ಟುಗಳಿರುವ ಸರಳು. ತಿರುಗುವ ಬುಗುರಿಯಂತೆ ತನ್ನ ನಿಲುವನ್ನು ಸುಲಭವಾಗಿ ಬಿಟ್ಟುಕೊಡದ ಅದು, ಹೆಲಿಕಾಪ್ಟರ್ ಗಾಳಿಗೆ ವಾಲಿದೊಡನೆ ಬ್ಲೇಡುಗಳ ಕೋನವನ್ನು ತಿದ್ದುತ್ತಿತ್ತು. ಅದನ್ನು ತೆಗೆದ ಮೇಲೆ ಆ ಕೆಲಸ ಯೂನಿಟ್‌ನೊಳಗಿನ ಮೂರು ದಿಕ್ಕಿನ ಗೈರೋ ಸೆನ್ಸರುಗಳದ್ದು: ಯಂತ್ರ ಎತ್ತ ಎಷ್ಟು ವೇಗವಾಗಿ ತಿರುಗುತ್ತಿದೆ ಎಂಬುದನ್ನು ಅವು ಅಳೆಯುತ್ತಿರುತ್ತವೆ, ಯೂನಿಟ್ ಸ್ವಾಶ್‌ಪ್ಲೇಟಿನ (ಬ್ಲೇಡುಗಳ ಕೋನ ಬದಲಿಸಲು ವಾಲುವ ತಟ್ಟೆ) ಮೂರು ಸರ್ವೋಗಳನ್ನೂ (ಕೋನ ತಿರುಗಿಸುವ ಚಿಕ್ಕ ಮೋಟಾರುಗಳು) ಬಾಲದ ಸರ್ವೋವನ್ನೂ ಸೆಕೆಂಡಿಗೆ ನೂರಾರು ಸಲ ತಿದ್ದುತ್ತಿರುತ್ತದೆ. ಗಾಳಿಯ ತಡೆ ಕಡಿಮೆಯಾಗಿ ಯಂತ್ರ ಚುರುಕಾಗುತ್ತದೆ ಎಂಬುದು ನಿಜ. ಆದರೆ ಮೊದಲು ಹುಟ್ಟುಗಳು ಹೊರುತ್ತಿದ್ದ ಭಾರವೆಲ್ಲ ಈಗ ಸರ್ವೋಗಳ ಮೇಲೆ ಬೀಳುವುದರಿಂದ, ಬಲವಾದ ಡಿಜಿಟಲ್ ಸರ್ವೋಗಳೂ ಅವುಗಳಿಗೆ ಕುಸಿಯದೆ ಕರೆಂಟ್ ಕೊಡುವ ಬಿಇಸಿ ಎಂಬ ವಿದ್ಯುತ್ ಭಾಗವೂ ಬೇಕಾಗುತ್ತವೆ. ಯೂನಿಟ್‌ನ ಬೆಲೆಯನ್ನಷ್ಟೇ ಲೆಕ್ಕ ಹಾಕಿದ್ದ ನನಗೆ ಈ ಬಾಬತ್ತು ತಡವಾಗಿ ಅರಿವಾಯಿತು.

ಮೊದಲನೆಯ ಯೂನಿಟ್ ಹೆಸರು ಹೇಳಬೇಕಾದ್ದಲ್ಲ. ಒಂದು ಬಣ್ಣದ ದೀಪ, ಎರಡು ತಿರುಪು, ನಾಲ್ಕು ಪುಟದ ಕೈಪಿಡಿ. ಅಷ್ಟೇ ಅದರ ಸಂಸಾರ. ಮನೆಯ ನೆರಳಿನಲ್ಲಿ ಹೊಂದಿಸಿ ನಡುಹಗಲಿನ ಬಿಸಿಲಿಗೆ ಒಯ್ದರೆ ಬಾಲ ನಿಧಾನವಾಗಿ ಒಂದು ಕಡೆಗೆ ಸರಿಯುತ್ತಿತ್ತು. ಗೈರೋ ಸುತ್ತಲಿನ ಉಷ್ಣಾಂಶಕ್ಕೆ ಒಗ್ಗಲು ಹತ್ತು-ಹದಿನೈದು ನಿಮಿಷ ಬಿಡಬೇಕೆಂಬುದನ್ನು ಆ ಕೈಪಿಡಿ ಎಲ್ಲೂ ಹೇಳಿರಲಿಲ್ಲ. ಎರಡನೆಯ ತಿಂಗಳು ಇಳಿಸುವಾಗ ಬಾಲ ಗದ್ದೆಯ ಬದುವಿಗೆ ಸಣ್ಣಗೆ ತಾಗಿತು. ಕಣ್ಣಿಗೆ ಕಾಣುವ ಪೆಟ್ಟೇನೂ ಇರಲಿಲ್ಲ, ಬಾಲದ ಬ್ಲೇಡು ಬದಲಿಸಿ ಮತ್ತೆ ಹಾರಿಸಿದೆ. ಅಂದಿನಿಂದ ಬಾಲ ನಿಂತಲ್ಲಿಯೇ ಪಟಪಟನೆ ಅದುರತೊಡಗಿತು. ಗದ್ದೆಯ ಯಜಮಾನರಾದ ನಮ್ಮ ಮಾವ ಬದುವಿನ ಮೇಲೆ ನಿಂತು ನೋಡಿ, "ಎಂತಕ್ಕೋ ತಮಾ, ಇದು ನಾಯಿಮರಿ ಹಂಗೆ ಬಾಲ ಅಲ್ಲಾಡಸ್ತಾ ಇದ್ದು?" ಎಂದು ಕೇಳಿದರು. ಗೇನ್, ಅಂದರೆ ಯೂನಿಟ್ ಎಷ್ಟು ಬಲವಾಗಿ ತಿದ್ದಬೇಕೆಂಬ ಅಳತೆ, ಇಳಿಸಿದರೆ ಅದುರು ನಿಲ್ಲುತ್ತಿತ್ತು, ಆದರೆ ಗಾಳಿ ಬೀಸಿದತ್ತ ಬಾಲ ತಿರುಗುತ್ತಿತ್ತು. ಏರಿಸಿದರೆ ಮತ್ತೆ ಅದುರು. ಆ ಋತುವಿನ ಉಳಿದ ಭಾನುವಾರಗಳೆಲ್ಲ ಆ ತಿರುಪನ್ನು ಆಚೆ ಈಚೆ ತಿರುಗಿಸುವುದರಲ್ಲಿಯೇ ಕಳೆದವು.

ಮಳೆಗಾಲದಲ್ಲಿ ಪಟ್ಟಿ ಮಾಡಿ ನೋಡಿದ್ದು ನಾಲ್ಕು ಯೂನಿಟ್‌ಗಳನ್ನು. ಬೀಸ್ಟ್‌ಎಕ್ಸ್‌ನ ಮೈಕ್ರೋಬೀಸ್ಟ್ ಜರ್ಮನಿಯದು. ಗುಂಡಿಯೊಂದನ್ನು ಒತ್ತಿ, ಸಾಲುದೀಪಗಳನ್ನು ನೋಡುತ್ತಾ ಕಂಪ್ಯೂಟರಿನ ಹಂಗಿಲ್ಲದೆ ಗದ್ದೆಯಲ್ಲಿಯೇ ಪೂರ್ತಿ ಹೊಂದಿಸಬಹುದಾದ ಅದರ ಕ್ರಮ ನನಗೆ ಬಹಳ ಹಿಡಿಸಿತ್ತು, ಮತ್ತು ಪಕ್ಕದಲ್ಲಿ ಅನುಭವಿಗಳು ಇರುವವರು ಅದನ್ನೇ ಕೊಂಡರೆ ನಾನು ಬೇಡವೆನ್ನಲಾರೆ. ಮಿಕಾಡೊದ ವಿಬಾರ್ ಹೆಸರುವಾಸಿಯಾದದ್ದೇ, ಆದರೆ ಅದರ ಪೂರ್ಣ ಪ್ರಯೋಜನ ಸಿಗಬೇಕಾದರೆ ಅವರದೇ ಟ್ರಾನ್ಸ್‌ಮಿಟರ್ (ಕೈಯಲ್ಲಿ ಹಿಡಿದು ಹಾರಿಸುವ ಪೆಟ್ಟಿಗೆ) ಬೇಕು. ರೋಟರ್‌ಫ್ಲೈಟ್ ಮುಕ್ತ ತಂತ್ರಾಂಶ. ಬೀಟಾಫ್ಲೈಟ್ ಎಂಬ ಡ್ರೋನ್ ತಂತ್ರಾಂಶದಿಂದ ಕವಲೊಡೆದದ್ದು, ಹಾರಾಟದ ದಾಖಲೆಯನ್ನು ಬ್ಲ್ಯಾಕ್‌ಬಾಕ್ಸ್‌ನಲ್ಲಿ ಬರೆದಿಡುತ್ತದೆ. ಅಗ್ಗದ ಬೋರ್ಡಿಗೆ ತಾವೇ ಬೆಸುಗೆ ಹಾಕಿ ವಾರಗಟ್ಟಲೆ ಓದುವ ತಾಳ್ಮೆ ಇದ್ದವರಿಗೆ ಅದು ಒಳ್ಳೆಯ ದಾರಿ, ನನಗೆ ಅಷ್ಟು ತಾಳ್ಮೆ ಇರಲಿಲ್ಲ. ಉಳಿದದ್ದು ಸ್ಪಿರಿಟ್. ಅದರ ತಂತ್ರಾಂಶದಲ್ಲಿ ಹಾರಾಟದ ಲಾಗ್ ಇದೆ, ಕಂಪನವನ್ನು ಆವರ್ತನಗಳಾಗಿ ಬಿಡಿಸಿ ತೋರಿಸುವ ಸ್ಪೆಕ್ಟ್ರಮ್ ನಕ್ಷೆಯೂ ಇದೆ.

ಆ ನಕ್ಷೆಗೇ ನಾನು ಹಣ ಕೊಟ್ಟದ್ದು ಎಂದರೆ ತಪ್ಪಾಗದು. ಮನೆಯ ಮೆತ್ತಿಯಲ್ಲಿ ದಪ್ಪ ಗೋಣಿಚೀಲ ಹಾಸಿ, ಮುಖ್ಯ ಬ್ಲೇಡುಗಳನ್ನೂ ಬಾಲದ ಬ್ಲೇಡುಗಳನ್ನೂ ತಪ್ಪದೆ ಬಿಚ್ಚಿಟ್ಟು, ಲ್ಯಾಪ್‌ಟಾಪಿಗೆ ತಂತಿ ಜೋಡಿಸಿ, ಮೋಟಾರನ್ನು ಹಾರಾಟದ ವೇಗಕ್ಕೆ ತಂದೆ. ತಲೆಯ, ಅಂದರೆ ಮುಖ್ಯ ರೋಟರಿನ, ವೇಗ ನಿಮಿಷಕ್ಕೆ 2400 ಸುತ್ತು, ಅಂದರೆ 40 ಹರ್ಟ್ಸ್. ಅಲ್ಲಿ ನಕ್ಷೆ ಹೆಚ್ಚುಕಡಿಮೆ ಚಪ್ಪಟೆಯಾಗಿತ್ತು. 170ರ ಹತ್ತಿರ ಮಾತ್ರ ಒಂದು ಗೆರೆ ಅಡಿಕೆ ಮರದಂತೆ ನೆಟ್ಟಗೆ ಎದ್ದು ನಿಂತಿತ್ತು. ಬಾಲವನ್ನು ನಡೆಸುವ ದೊಡ್ಡ ಗೇರಿನಲ್ಲಿ 106 ಹಲ್ಲು, ಅದು ಕಚ್ಚುವ ಚಿಕ್ಕ ಗೇರಿನಲ್ಲಿ 25, ಭಾಗಿಸಿದರೆ 4.24. ನಲವತ್ತನ್ನು ಅದರಿಂದ ಗುಣಿಸಿದರೆ 169.6 ಬರುತ್ತದೆ, ಅಂದರೆ ಗೆರೆ ಬಾಲದ್ದು. ತಪ್ಪು ಮೋಟಾರಿನದಾಗಿದ್ದರೆ, ಅದರ 13 ಹಲ್ಲಿನ ಚಿಕ್ಕ ಗೇರಾದ ಪಿನಿಯನ್ನು 150 ಹಲ್ಲಿನ ಮುಖ್ಯ ಗೇರನ್ನು ತಿರುಗಿಸುವುದರಿಂದ, ಗೆರೆ 460ರ ಆಸುಪಾಸಿನಲ್ಲಿ ಏಳಬೇಕಿತ್ತು. ಬಾಲದ ಶಾಫ್ಟ್ ಬಿಚ್ಚಿ ಗಾಜಿನ ಮೇಲೆ ಉರುಳಿಸಿದಾಗ ಒಂದು ಸುತ್ತಿಗೊಮ್ಮೆ ಅದರಡಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಹೊಸ ಶಾಫ್ಟ್ ಬಂದು, ಜೊತೆಗೆ ಎರಡು ಬೇರಿಂಗ್ ಬದಲಿಸಿದ ಮೇಲೆ ಆ ಗೆರೆ ಉಳಿದವುಗಳ ನಡುವೆ ಗುರುತು ಸಿಗದಷ್ಟು ಕುಗ್ಗಿತು. ಹಳೆಯ ಯೂನಿಟ್ಟಿನದೇನೂ ತಪ್ಪಿರಲಿಲ್ಲವೆಂದು ಆಗ ಒಪ್ಪಬೇಕಾಯಿತು. ಅದಕ್ಕೆ ಹೇಳುವ ಬಾಯಿ ಇರಲಿಲ್ಲ, ಅಷ್ಟೆ.

ಹೊಂದಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರದ್ದೂ ಅಲ್ಲ. ಸ್ವಾಶ್‌ಪ್ಲೇಟನ್ನು ಯೂನಿಟ್ಟೇ ಮಿಶ್ರಣ ಮಾಡಿ ನಡೆಸುವುದರಿಂದ ಟ್ರಾನ್ಸ್‌ಮಿಟರಿನ ಮಿಕ್ಸಿಂಗ್, ಟ್ರಿಮ್ (ಕೋಲಿನ ನಡುಬಿಂದುವಿನ ಸಣ್ಣ ತಿದ್ದುಪಡಿ) ಎರಡನ್ನೂ ಸೊನ್ನೆ ಮಾಡಿರಬೇಕು. ಟ್ರಾನ್ಸ್‌ಮಿಟರಿನ ಕೋಲು ನಡುವಿನಲ್ಲಿದ್ದಾಗ ಸ್ವಾಶ್‌ಪ್ಲೇಟ್ ಸಮತಟ್ಟಾಗಿರಬೇಕು, ಸೈಕ್ಲಿಕ್ ಕೋನವನ್ನು (ಸ್ವಾಶ್‌ಪ್ಲೇಟ್ ವಾಲಿದಾಗ ಬ್ಲೇಡು ಪಡೆಯುವ ಕೋನ) ಮಾಪಕದಲ್ಲಿ ನೋಡಿ 6 ಡಿಗ್ರಿಗೆ ತರಬೇಕು. ಕೊನೆಯಲ್ಲಿ ಯಂತ್ರವನ್ನು ಕೈಯಲ್ಲಿ ಹಿಡಿದು ಮೂಗನ್ನು ಕೆಳಗೆ ಬಗ್ಗಿಸಿದಾಗ ಸ್ವಾಶ್‌ಪ್ಲೇಟ್ ಹಿಂದಕ್ಕೆ ವಾಲಿ ನೆಲಕ್ಕೆ ಸಮವಾಗಿಯೇ ಉಳಿಯಲು ನೋಡಬೇಕು. ಅದು ಮುಂದಕ್ಕೇ ವಾಲಿದರೆ ಸೆನ್ಸರಿನ ದಿಕ್ಕು ತಿರುಗಮುರುಗವಾಗಿದೆ ಎಂದರ್ಥ, ಹಾಗೆಯೇ ಹಾರಿಸಿದರೆ ನೆಲ ಬಿಡುವ ಮೊದಲೇ ಯಂತ್ರ ಮಗುಚಿಕೊಳ್ಳುತ್ತದೆ. ಫ್ಲೈಬಾರ್‌ನಿಂದ ಬಂದವರು ಕಲಿಯಬೇಕಾದ ಇನ್ನೊಂದು ಸಂಗತಿ: ಕೂಳೆಯ ಮೇಲೆ ಓರೆಯಾಗಿ ಕೂತ ಯಂತ್ರದ ಸ್ವಾಶ್‌ಪ್ಲೇಟ್ ವಾಲಿದಂತೆ ಕಂಡರೂ ಕೋಲಿನಿಂದ ತಿದ್ದಲು ಹೋಗದೆ ನೇರವಾಗಿ ಎತ್ತಬೇಕು.

ಕೋಲಿನ ಮೇಲೆ ಹಿಡಿತ ತಪ್ಪಿದಾಗ ಸ್ವಿಚ್ಚೊಂದರಿಂದ ಯಂತ್ರವನ್ನು ನೆಟ್ಟಗೆ ಮಾಡಿ ಮೇಲಕ್ಕೆತ್ತುವ ರೆಸ್ಕ್ಯೂ ಸೌಲಭ್ಯ ಸ್ಪಿರಿಟ್‌ನಲ್ಲಿದೆ. ಎತ್ತರದಲ್ಲಿ ನಾಲ್ಕೈದು ಸಲ ಪರೀಕ್ಷಿಸಿದ್ದೇನೆ, ನಂಬಬಹುದು. ಆದರೂ ಅದನ್ನು ಮುಂದಿಟ್ಟುಕೊಂಡು ಯೂನಿಟ್ ಆರಿಸುವವರಿಗೆ ಒಂದು ಮಾತು: ಯಾವುದು ಮೇಲು, ಯಾವುದು ಕೆಳಗು ಎಂಬ ಲೆಕ್ಕಕ್ಕೆ ಬೇಕಾದ ಸೆನ್ಸರನ್ನೂ ಕಂಪನ ದಾರಿ ತಪ್ಪಿಸುತ್ತದೆ, ಆದ್ದರಿಂದ ಲಾಗ್ ನೋಡದವರಿಗೆ ರೆಸ್ಕ್ಯೂ ಇದ್ದೂ ಇಲ್ಲದಂತೆ.

ಕೊರತೆಗಳೂ ಇವೆ. ನನ್ನ ಹಳೆಯ ಟ್ರಾನ್ಸ್‌ಮಿಟರಿನ ಪರದೆಯಿಂದ ಇದನ್ನು ಬದಲಿಸಲಾಗದು. ಬಿಸಿಲಿನಲ್ಲಿ ಲ್ಯಾಪ್‌ಟಾಪಿನ ಪರದೆ ಕಾಣುವುದಿಲ್ಲವೆಂದು ತಲೆಯ ಮೇಲೆ ಕಂಬಳಿ ಹೊದ್ದು ಗದ್ದೆಯಲ್ಲಿ ಕೂತದ್ದಿದೆ. ಫೋನಿನಿಂದ ಬದಲಿಸಬೇಕಾದರೆ ವೈಫೈ ಲಿಂಕನ್ನು ಬೇರೆಯಾಗಿ ಕೊಳ್ಳಬೇಕು. ವಿದೇಶದ ಮಾಲಾದ್ದರಿಂದ ಸುಂಕ ಸೇರಿ ಬೆಲೆ ಏರುತ್ತದೆ.

ಕರಾವಳಿಯವರು ಯೂನಿಟ್ಟಿಗಿಂತ ಮೊದಲು ಜಾಗ ನೋಡಿಕೊಳ್ಳಬೇಕು. ಕಾರವಾರದ ತಂಗಿಯ ಮನೆಗೆ ಹೋದಾಗ ಹೆಲಿಕಾಪ್ಟರನ್ನು ನಾನು ಒಯ್ಯುವುದೇ ಇಲ್ಲ: ಅರ್ಗಾದಲ್ಲಿ ಕದಂಬ ನೌಕಾನೆಲೆ, ಒಳನಾಡಿನಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ. ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯನ್ನು ತೆರೆದು ನೋಡದೆ ಆ ಕಡಲತೀರದಲ್ಲಿ ಯಾವುದನ್ನೂ ಮೇಲೆತ್ತುವುದು ಸಲ್ಲದು. ಉಪ್ಪುಗಾಳಿ ಬೇರಿಂಗಿಗೆ ಏನು ಮಾಡುತ್ತದೆ ಎಂಬುದು ಅಲ್ಲಿಯವರಿಗೆ ನಾನು ಹೇಳಬೇಕಾದ್ದಲ್ಲ.

ಸ್ಪಿರಿಟ್ ತರಿಸುವವರು ಅದೇ ಪೊಟ್ಟಣದಲ್ಲಿ ಎರಡು ಬಾಲದ ಶಾಫ್ಟ್, ನಾಲ್ಕು ಬೇರಿಂಗ್ ಮತ್ತು ಯೂನಿಟ್ ಅಂಟಿಸುವ ಪಟ್ಟಿಯ ಒಂದು ಸುರುಳಿಯನ್ನೂ ತರಿಸಿಕೊಳ್ಳಿ. ನಕ್ಷೆ ತಪ್ಪನ್ನು ತೋರಿಸಿದ ಮೇಲೆ ಕೊರಿಯರ್‌ಗಾಗಿ ನಾನು ಒಂಬತ್ತು ದಿನ ಕಾದೆ, ಅಷ್ಟರಲ್ಲಿ ಎರಡು ಭಾನುವಾರ ಕಳೆದುಹೋದವು.